ಹನ್ನೆರಡು ಸೆಕೆಂಡಿನ ಸಮಪಾಲು

ನಮ್ಮಪ್ಪ ಪಿಳ್ಳಪ್ಪ ಹೊನ್ನಾಪುರದ ದೊಡ್ಡಕೆರೆಯ ಕೊನೆಯ ನೀರಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ಕಾಲುವೆಯ ಮೇಲೆ ನಿಂತು ಹಂಚುವುದು ಅವರ ಕೆಲಸ. ಮೂವತ್ತೊಂದು ವರ್ಷದ ಹಿಂದೆ ಊರು ಬೆಳೆದು ನಗರವಾಯಿತು, ಕುಡಿಯಲು ನೀರು ಸಾಲದಾಯಿತು, ಕೆರೆಯನ್ನು ನಗರಕ್ಕೆ ಬಿಟ್ಟುಕೊಡಿ ಎಂದು ಅಧಿಕಾರಿಗಳು ಸಭೆ ಕರೆದರು. ಎಲ್ಲರೂ ಸಹಿ ಹಾಕಿದರು, ಕಡೆಪಾಳ್ಯದವರು ಮಾತ್ರ ಹಾಕಲಿಲ್ಲ. ಕಡೆಪಾಳ್ಯವೆಂದರೆ ಕಾಲುವೆಯ ತುತ್ತತುದಿಯ ಅರವತ್ತು ಮನೆ. "ಪೈಪು ಬಂದ್ಮೇಲೆ ಕೊನೇಲಿರೋರನ್ನ ಯಾರು ಕೇಳ್ತಾರೆ?" ಎಂದು ನೆಲಕ್ಕೆ ಅಂಟಿಕೊಂಡು ಕೂತರು.

ಆಗ ಅಪ್ಪ ಎದ್ದು ನಿಂತು ಹೇಳಿದರು: "ನಿಮ್ಮ ಕೊನೇ ಮನೆ ಕೊಡ ತುಂಬೋವರ್ಗೂ ನಮ್ಮನೆ ಹಂಡೆ ತುಂಬಲ್ಲ. ನಾನಿದ್ರೂ ಅಷ್ಟೆ, ನನ್ನ ಕಾಲ ಆದ್ಮೇಲೆ ನನ್ನ ಮಗಳಿದ್ರೂ ಅಷ್ಟೆ."

ನಾನಾಗ ಏಳು ವರ್ಷದವಳು, ಅವರ ಪಂಚೆಯ ಅಂಚು ಹಿಡಿದು ನಿಂತಿದ್ದೆ. ನನ್ನನ್ನೇನೂ ಯಾರೂ ಕೇಳಲಿಲ್ಲ. ಕಡೆಪಾಳ್ಯದವರು ಸಹಿ ಹಾಕಿದರು.

ಅಪ್ಪ ಹೋಗಿ ಹದಿನಾರು ವರ್ಷವಾಯಿತು. ಈಗ ಹೊನ್ನಾಪುರಕ್ಕೆ ನೀರು ಹಂಚುವವರ ಪೈಕಿ ನಾನೂ ಒಬ್ಬಳು. ತೂಬಿಲ್ಲ, ಗುದ್ದಲಿಯಿಲ್ಲ. ನಗರಸಭೆಯ ಹಿಂದಿನ ಕಟ್ಟಡದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಮನೆಮನೆಯ ಮೀಟರು ತೋರಿಸುವ ಒಂದು ಪರದೆ, ಒಂದು ಮೇಜು, ಮೇಜಿನ ಗಾಜಿನ ಮೇಲೆ ಬೆಳಕಿನ ಒಂದು ಬಳೆ. ಆ ಬಳೆ ಹೊತ್ತಿಕೊಂಡರೆ ಹನ್ನೆರಡು ಸೆಕೆಂಡಿನಲ್ಲಿ ಕರಗಿ ಹೋಗುತ್ತದೆ. ಕರಗುವುದರೊಳಗೆ ನಾನು ತೀರ್ಮಾನ ಮಾಡಬೇಕು. ಈ ವ್ಯವಸ್ಥೆಯ ಹೆಸರು ಸಮಪಾಲು.

ಹನ್ನೆರಡೇ ಸೆಕೆಂಡು ಯಾಕೆ ಎಂದು ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಇಷ್ಟು. ಸಾವಿರಾರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಒಂದು ವಸ್ತುವನ್ನು ಇಬ್ಬರು ಅಪರಿಚಿತರಿಗೆ ಹಂಚಲು ಹೇಳಿದರಂತೆ. ಬೇಗ ಬೇಗ ಎಂದು ಅವಸರ ಮಾಡಿದಾಗ ಹೆಚ್ಚಿನವರು ಅರ್ಧರ್ಧ ಮಾಡಿದರು. ಯೋಚನೆ ಮಾಡಿ ಹೇಳಿ ಎಂದು ಹೊತ್ತು ಕೊಟ್ಟಾಗ ಅವರಿಗೆ ಕಾರಣಗಳು ಹೊಳೆದವು. ಇವನು ನಮ್ಮ ಕಡೆಯವನ ಹಾಗಿದ್ದಾನೆ, ಅವನು ನಾಳೆ ಕೆಲಸಕ್ಕೆ ಬಂದಾನು, ಇವಳು ಜಗಳಗಂಟಿ ಇರಬಹುದು. ಮನುಷ್ಯನಿಗೆ ಹೊತ್ತು ಕೊಟ್ಟರೆ ಅನ್ಯಾಯಕ್ಕೆ ಕಾರಣ ಹುಡುಕುತ್ತಾನೆ, ಆದ್ದರಿಂದ ಹೊತ್ತನ್ನೇ ಕಿತ್ತುಕೊಳ್ಳಿ ಎಂದು ತೀರ್ಮಾನಕ್ಕೆ ಬಂದರು. ಫೋನು ಬಾಗಿಲಲ್ಲೇ ಇಟ್ಟು ಬರಬೇಕು. ಬಳೆ ಹೊತ್ತಿರುವಾಗ ಕೋಣೆಯಲ್ಲಿ ಯಾರೂ ಉಸಿರೆತ್ತಕೂಡದು. ಮಾತಾಡಿದವನಿಗೆ, ಮಂತ್ರಿಯಾದರೂ ಸರಿ, ಜೈಲು.

ಸುಳ್ಳೇಕೆ ಹೇಳಲಿ, ನಾನು ಅದನ್ನು ಮೆಚ್ಚಿದವಳು. ಮುಂಚೆ ನೀರು ಬಿಡುವವರ ಮನೆ ಬಾಗಿಲಿಗೆ ದೊಣ್ಣೆ ಹಿಡಿದು ಬರುತ್ತಿದ್ದರು. ದೊಡ್ಡವರ ಮನೆಯ ತೋಟದ ಹುಲ್ಲು ಹಸಿರಾಗಿರುತ್ತಿತ್ತು, ಆಸ್ಪತ್ರೆಯ ತೊಟ್ಟಿ ಒಣಗಿರುತ್ತಿತ್ತು. ಸಮಪಾಲು ಬಂದ ತಿಂಗಳಲ್ಲೇ ಅದೆಲ್ಲ ನಿಂತಿತು. ಎರಡು ದಿನಕ್ಕೊಮ್ಮೆ, ಪ್ರತಿ ಬಡಾವಣೆಗೂ ಇಪ್ಪತ್ತು ನಿಮಿಷ. ಸರದಿ ಮುಗಿದಾಗ ಬಳೆ ಹೊತ್ತಿ ಕೇಳುತ್ತದೆ: 'ಮುಂದಿನವರಿಗೆ ಬದಲಿಸಲೇ?' ಹಸಿರು ಗುಂಡಿ ಒತ್ತಿದರೆ ಸಮ, ನೀರು ಮುಂದಿನ ಬಡಾವಣೆಗೆ. ಹಳದಿ ಗುಂಡಿ ಒತ್ತಿದರೆ ಐದು ನಿಮಿಷ ಹೆಚ್ಚು, ಅದೂ ಒಂದು ಸರದಿಗೆ ಒಂದೇ ಸಲ, ಅಂಕ ಕಡಿಮೆಯಾಗುತ್ತದೆ. ಮೂರು ವರ್ಷ ನಾನು ಹಸಿರನ್ನೇ ಒತ್ತಿದ್ದೇನೆ. 'ಸಮತೆಯ ಅಂಕ ನೂರಕ್ಕೆ ನೂರು' ಎಂದು ನನ್ನ ಹೆಸರು ಬರೆದ ಹಲಗೆ ಕೋಣೆಯ ಗೋಡೆಯಲ್ಲಿತ್ತು. ಮನೆಯಲ್ಲಿ ಅಪ್ಪನ ತಾಮ್ರದ ಹಂಡೆ ಪ್ರತಿ ಸರದಿಗೂ ಕಂಠದವರೆಗೆ ತುಂಬುತ್ತಿತ್ತು. ಕಡೆಪಾಳ್ಯಕ್ಕೂ ನಮ್ಮ ಗಿರಣಿ ರಸ್ತೆಗೂ ಸಮಸಮ ಇಪ್ಪತ್ತು ನಿಮಿಷ ತಾನೇ, ಅಪ್ಪನ ಮಾತು ತಾನಾಗಿಯೇ ನಡೆಯುತ್ತಿದೆ ಅಂದುಕೊಂಡಿದ್ದೆ.

ಕಡೆಪಾಳ್ಯದ ಕೊನೆಯ ಮನೆ ಚೌಡಕ್ಕನದು. ಅವಳ ಮಗಳು ಶೈಲಾ ಹೆತ್ತಳು ಎಂದು ಸುದ್ದಿ ಬಂತು. ಭಾನುವಾರ ನನ್ನ ಮಗಳು ಇಂಚರಳನ್ನು ಕರೆದುಕೊಂಡು ಬಾಣಂತಿಯನ್ನು ನೋಡಲು ಹೋದೆ. ಅವತ್ತು ಕಡೆಪಾಳ್ಯದ ಸರದಿ, ಬೇರೆ ಪಾಳಿಯವರು ನೀರು ಬಿಡುತ್ತಿದ್ದರು.

ಬೀದಿಗೆ ಕಾಲಿಡುತ್ತಲೇ ಸಿಳ್ಳೆಯಂಥ ಸದ್ದು ಕೇಳಿಸಿತು. ಮನೆಮನೆಯ ನಲ್ಲಿಯೂ ಸುಯ್ಯೆನ್ನುತ್ತಿತ್ತು. ಮಕ್ಕಳು ನಲ್ಲಿಯ ಬಾಯಿಗೆ ಬಲೂನು ಸಿಕ್ಕಿಸಿ ಹಿಡಿದುಕೊಂಡಿದ್ದರು. ಬಲೂನುಗಳು ತಮ್ಮಷ್ಟಕ್ಕೆ ಊದಿಕೊಳ್ಳುತ್ತಿದ್ದವು. ಇಂಚರಳಿಗೆ ಖುಷಿಯೋ ಖುಷಿ.

"ಇದೇನು ಚೌಡಕ್ಕ?"

"ನಿಮ್ಮ ನೀರು ಕಣಮ್ಮಣ್ಣಿ," ಚೌಡಕ್ಕ ಹೊಸ್ತಿಲ ಮೇಲಿಂದಲೇ ಹೇಳಿದಳು. "ಇಪ್ಪತ್ತು ನಿಮಿಷ ಗಾಳಿ ಕೊಡ್ತೀರ, ಆಮೇಲೆ ನಿಲ್ಲಿಸ್ತೀರ. ನಮ್ ಹುಡುಗ್ರಿಗೆ ಬಲೂನು ಊದೋ ಕಷ್ಟ ತಪ್ಪೈತೆ. ಪುಣ್ಯಾತ್ರು ನೀವು."

ನಾನು ನಲ್ಲಿಗೆ ಅಂಗೈ ಒಡ್ಡಿದೆ. ತಣ್ಣಗೆ ಗಾಳಿ. ಗೋಡೆಯ ಮೇಲಿನ ಮೀಟರಿನ ಚಕ್ರ ಗಿರಗಿರನೆ ಸುತ್ತುತ್ತಿತ್ತು, ರಭಸ ತೋರಿಸುವ ಮುಳ್ಳು ನಡುಗುತ್ತಿತ್ತು. ಚಕ್ರ ತಿರುಗಲು ಏನಾದರೊಂದು ನೂಕಿದರೆ ಸಾಕು, ನೀರೇ ಆಗಬೇಕೆಂದಿಲ್ಲ. ನಮ್ಮ ಕೋಣೆಯ ಪರದೆಯಲ್ಲಿ ಕಡೆಪಾಳ್ಯ ಯಾವಾಗಲೂ ಹಸಿರಾಗಿ ಕಾಣುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಟ್ಯಾಂಕಿನಿಂದ ಇಲ್ಲಿಗೆ ಒಂಬತ್ತು ಕಿಲೋಮೀಟರು ಪೈಪು, ಕೊನೆಗೆ ಏರು. ಎರಡು ದಿನದಲ್ಲಿ ಕೀಲುಕೀಲಿನಲ್ಲೂ ಸೋರಿ ಅದು ಬರಿದಾಗಿರುತ್ತದೆ. ಮತ್ತೆ ತುಂಬಿಕೊಳ್ಳುವುದಕ್ಕೇ ಇಪ್ಪತ್ತು ನಿಮಿಷ ಸಾಲದು. ಟ್ಯಾಂಕಿನ ಮಗ್ಗುಲಲ್ಲೇ ಇರುವ ನಮ್ಮ ಗಿರಣಿ ರಸ್ತೆಗೆ ಮೊದಲ ನಿಮಿಷದಿಂದಲೇ ನೀರು.

"ಯಾವಾಗಿಂದ ಹಿಂಗೆ?"

"ನಿಮ್ಮ ಮಿಷೀನು ಬಂದಾಗಿಂದ. ಮುಂಚೆ ಲಂಚ ಕೊಟ್ರಾದ್ರೂ ಬರ್ತಿತ್ತು."

"ಮತ್ತೆ ಬಾಣಂತಿ ನೀರಿಗೆ ಏನ್ಮಾಡ್ತಿದೀಯ?"

ಚೌಡಕ್ಕ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು. ಒಳಗೆ ಶೈಲಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಹೆತ್ತು ಐದು ದಿನ. ಒಂದು ದಿನವೂ ತಲೆಗೆ ಹದವಾದ ಬಿಸಿನೀರು ಬಿದ್ದಿಲ್ಲ. ಮಗುವಿನ ಬಟ್ಟೆಯನ್ನು ಒಗೆಯದೆ ಬಿಸಿಲಿಗೆ ಒಣಹಾಕಿ ಮತ್ತೆ ಅದನ್ನೇ ಸುತ್ತಿದ್ದರು. ಕುಡಿಯಲು, ಅಡಿಗೆಗೆ ಎರಡು ಮೈಲಿ ಆಚೆಯ ಕಲ್ಲುಕ್ವಾರಿಯಿಂದ ತರುತ್ತಿದ್ದರು. ಆ ಮನೆಯ ವಾಸನೆ ನಾನು ಹೇಳಬಾರದು.

ಹೊರಡುವಾಗ ಚೌಡಕ್ಕ, "ನಿಮ್ಮಪ್ಪ ಏನೋ ಹೇಳಿದ್ರು" ಎಂದಷ್ಟೇ ಅಂದು ಬೇರೆ ಕಡೆ ನೋಡಿದಳು.

ಸೋಮವಾರ ನನ್ನ ಮೇಲಿನ ಎಂಜಿನಿಯರು ಫಣೀಂದ್ರ ಸರ್ ಮುಂದೆ ನಿಂತು, ಕಡೆಪಾಳ್ಯಕ್ಕೆ ನೀರು ಹೋಗುತ್ತಿಲ್ಲ ಎಂದೆ. ಒಳ್ಳೆಯ ಮನುಷ್ಯ. ಅವರ ಎಡಗೈ ಇವತ್ತಿಗೂ ಪೂರ್ತಿ ಮಡಚಲು ಬರುವುದಿಲ್ಲ. ಹಳೆಯ ಕಾಲದಲ್ಲಿ ನೀರು ಬಿಡಲಿಲ್ಲವೆಂದು ದೊಣ್ಣೆಯವರು ಮುರಿದ ಕೈ ಅದು.

"ಮೀಟರಲ್ಲಿ ಓಡಿದೆಯಲ್ಲಮ್ಮ," ಎಂದರು.

"ಗಾಳಿ ಓಡಿದೆ ಸರ್."

"ಬರೆದುಕೊಡಿ. ಸಮಿತಿಗೆ ಕಳಿಸ್ತೀನಿ. ಮೂರು ತಿಂಗಳಿಗೆ ಕೂರ್ತಾರೆ."

"ಬಾಣಂತನವೇ ಮೂರು ತಿಂಗಳು ಸರ್."

"ನೋಡಿ ಅಂಬುಜಮ್ಮ," ಅವರು ಮುರಿದ ಕೈಯನ್ನು ಮೇಜಿನ ಮೇಲಿಟ್ಟರು. "ನಿಮ್ಮದು ಸರಿಯಿರಬಹುದು. ಆದ್ರೆ ಇವತ್ತು ನೀವು ಬಾಣಂತಿ ಅಂತ ಹೆಚ್ಚಿಗೆ ಬಿಟ್ರೆ, ನಾಳೆ ಇನ್ನೊಬ್ಬ ಬೀಗರ ಮನೆ ಮದುವೆ ಅಂತ ಬಿಡ್ತಾನೆ. ಎಲ್ಲರ ಹತ್ರಾನೂ ಒಂದೊಂದು ಕಾರಣ ಇರ್ತದೆ. ಅದಕ್ಕೇ ಅಲ್ವಾ ಹನ್ನೆರಡು ಸೆಕೆಂಡು?"

ಅದಕ್ಕೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರವಿಲ್ಲ. ಆದರೆ ಅಪ್ಪನ ಹತ್ತಿರ ಇತ್ತು. ನೀರು ಕಮ್ಮಿಯಾದ ವರ್ಷ ಅವರು ಕೊನೆಯ ಗದ್ದೆಯಿಂದ ಹಂಚುತ್ತಿದ್ದರು. ಒಣಗಿದ ಕಾಲುವೆ ಮೊದಲ ನೀರನ್ನು ತಾನೇ ಕುಡಿಯುತ್ತದೆ, ಅದನ್ನು ಕೊನೆಯವನ ಪಾಲಿಗೆ ಬರೆಯಬಾರದು ಅನ್ನುತ್ತಿದ್ದರು. ಕೊನೆಯ ಗದ್ದೆ ತುಂಬಿದ ಮೇಲೆ ಅಲ್ಲಿಯವನು ದಿಬ್ಬ ಹತ್ತಿ ಕಂಬಳಿಯನ್ನು ಮೂರು ಸಲ ಬೀಸುತ್ತಿದ್ದ. ಕಂಬಳಿ ಕಾಣುವವರೆಗೆ ತೂಬಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಮೊದಲ ಗದ್ದೆಯ ಸಾಹುಕಾರರು ಬಯ್ದರೆ ಅಪ್ಪ ತೂಬಿನ ಕಲ್ಲಿನ ಮೇಲೆ ಕೈ ಕಟ್ಟಿ ಕೂತುಬಿಡುತ್ತಿದ್ದರು. ಅಪ್ಪನ ನ್ಯಾಯದಲ್ಲಿ ಗಡಿಯಾರವಿರಲಿಲ್ಲ, ಕಂಬಳಿಯಿತ್ತು.

ಕೈ ಕಟ್ಟಿ ಕೂರುವುದು. ಅದನ್ನು ನೆನೆಯುವಾಗಲೇ ನನಗೆ ಸಮಪಾಲಿನ ಮೂರನೆಯ ದಾರಿ ಹೊಳೆದದ್ದು.

ಬಳೆ ಕರಗುವುದರೊಳಗೆ ಯಾವ ಗುಂಡಿಯನ್ನೂ ಒತ್ತದಿದ್ದರೆ ಏನಾಗುತ್ತದೆ? ವಾಲ್ವು ಇದ್ದ ಹಾಗೇ ಇರುತ್ತದೆ. ಕುರ್ಚಿಯಲ್ಲಿ ಕೂತವರು ತಲೆಸುತ್ತಿ ಬಿದ್ದರೂ ವಾಲ್ವು ಅರ್ಧಕ್ಕೆ ತಿರುಗಿ ಪೈಪು ಒಡೆಯಬಾರದೆಂದು ಹಾಗೆ ಮಾಡಿಟ್ಟಿದ್ದರು. ಒತ್ತದವರ ಹೆಸರಿಗೆ ಒಂದು ತಪ್ಪು ಬೀಳುತ್ತದೆ. ಆಮೇಲೆ ನಿಮಿಷಕ್ಕೊಮ್ಮೆ ಬಳೆ ಹೊತ್ತಿ ಮತ್ತೆ ಕೇಳುತ್ತದೆ. ಒಂದು ಪಾಳಿಯಲ್ಲಿ ಇಪ್ಪತ್ತು ತಪ್ಪಾದರೆ ಕೆಲಸ ಹೋಗುತ್ತದೆ. ಆದರೆ ಪಾಳಿ ಮುಗಿಯುವವರೆಗೆ ಕುರ್ಚಿಯಿಂದ ಎಬ್ಬಿಸುವಂತಿಲ್ಲ, ನಡುವೆ ಆಳು ಬದಲಿಸುವುದು ಒತ್ತಡ ಹಾಕಿದಂತೆ ಎಂದು ಕಾನೂನು.

ಮಂಗಳವಾರ ಕಡೆಪಾಳ್ಯದ ಸರದಿ, ಆಮೇಲೆ ನಮ್ಮ ಗಿರಣಿ ರಸ್ತೆ. ನನ್ನದೇ ಪಾಳಿ. ಬೆಳಿಗ್ಗೆ ಇಂಚರಳಿಗೆ ಜಡೆ ಹಾಕುತ್ತ ಹೇಳಿದೆ, "ಇವತ್ತು ನಮ್ಮ ನಲ್ಲೀಲಿ ನೀರು ಬರಲ್ಲ ಕಣೆ."

"ಯಾರು ಹೇಳಿದ್ದು?"

"ನಾನೇ. ಬಿಡೋಳು ನಾನು ತಾನೆ."

ಅವಳು ಹದಿಮೂರು ವರ್ಷದವಳು, ಬಲೂನುಗಳನ್ನು ನೋಡಿದವಳು. "ಕೆಲಸ ಹೋಗ್ತದಾ?"

"ಹೋಗಬಹುದು."

ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಎಂದು ಅವಳಿಗೆ ಗೊತ್ತು. ಜಡೆ ಮುಗಿಯುವವರೆಗೆ ತಲೆ ಅಲ್ಲಾಡಿಸಲಿಲ್ಲ. ಆಮೇಲೆ, "ಇಡ್ಲಿ ಮಾರೋಣ ಬಿಡು," ಎಂದಳು. ಬಾಗಿಲ ಹತ್ತಿರ ಹೋಗಿ ತಿರುಗಿ, "ಅದಕ್ಕೂ ನೀರು ಬೇಕಮ್ಮ," ಎಂದು ನಕ್ಕು ಓಡಿದಳು.

ದಾರಿಯಲ್ಲಿ ಚೌಡಕ್ಕನಿಗೆ ಫೋನು ಮಾಡಿದೆ. "ಇವತ್ತು ನೀರು ಬರ್ತದೆ. ನಿನ್ನ ಕೊಡ, ಹಂಡೆ, ತೊಟ್ಟಿ ಎಲ್ಲಾ ತುಂಬಿದ್ಮೇಲೆ ನಲ್ಲೀನ ಮೂರು ಸಲ ಮುಚ್ಚಿ ಮುಚ್ಚಿ ತೆಗಿ. ನಿನ್ನ ಮೀಟರಿನ ಮುಳ್ಳು ನನಗೆ ಅಲ್ಲಿ ಕಾಣ್ತದೆ."

"ಕಂಬಳಿ ಬೀಸ್ದಂಗೆ," ಎಂದಳು ಚೌಡಕ್ಕ.

ಒಂಬತ್ತಕ್ಕೆ ಕಡೆಪಾಳ್ಯದ ವಾಲ್ವು ತೆರೆಯಿತು. ಪರದೆಯ ಮೂಲೆಯಲ್ಲಿ ಚೌಡಕ್ಕನ ಮನೆಯ ಮೀಟರನ್ನು ದೊಡ್ಡದು ಮಾಡಿಟ್ಟುಕೊಂಡೆ. ಮುಳ್ಳು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಗಾಳಿ. ಒಂಬತ್ತು ಇಪ್ಪತ್ತಕ್ಕೆ ಬಳೆ ಹೊತ್ತಿತು: 'ಮುಂದಿನವರಿಗೆ ಬದಲಿಸಲೇ?'

ನಾನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ.

ಆ ಹನ್ನೆರಡು ಸೆಕೆಂಡು ಎಷ್ಟು ಉದ್ದವೆಂದು ಮೂರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಬಳೆ ಸಣ್ಣದಾಗುತ್ತ ಹೋದಂತೆ ಬೆರಳುಗಳು ತಾವಾಗಿಯೇ ಎದ್ದವು. ಸಮ ಮಾಡು, ಸಮ ಮಾಡು ಎಂದು ಮೈಯೇ ಹೇಳುತ್ತಿತ್ತು. ಅವಸರದಲ್ಲಿ ಸಮ ಎಂಬುದೇ ನ್ಯಾಯದ ಹಾಗೆ ಕಾಣುತ್ತದೆ, ಬೇರೆ ಏನನ್ನೂ ನೋಡಲು ಹೊತ್ತಿರುವುದಿಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೆ. ಬಳೆ ಆರಿತು. ತಪ್ಪು, ಒಂದು.

ಎರಡನೆಯ ತಪ್ಪಿಗೆ ಫಣೀಂದ್ರ ಸರ್ ಓಡಿ ಬಂದರು. "ಏನಾಯ್ತು? ಹುಷಾರಿಲ್ವಾ?"

"ಹುಷಾರಾಗಿದೀನಿ ಸರ್."

"ಮತ್ತೆ ಒತ್ತಿ! ಗಿರಣಿ ರಸ್ತೆಯವರು ಕೊಡ ಇಟ್ಕೊಂಡು..."

ಬಳೆ ಹೊತ್ತಿತು. ಅವರ ಬಾಯಿ ತಟ್ಟನೆ ಮುಚ್ಚಿತು. ಹನ್ನೆರಡು ಸೆಕೆಂಡು ಗಂಟಲಿನ ನರ ಉಬ್ಬಿಸಿಕೊಂಡು ನಿಂತರು. ಬಳೆ ಆರಿದ ಕೂಡಲೇ, "...ಕಾಯ್ತಿದಾರೆ! ನಿಮ್ಮ ಮನೇನೂ ಅಲ್ಲೇ ಇದೆಯಲ್ಲ!"

"ಇದೆ ಸರ್."

"ಟ್ಯಾಂಕಲ್ಲಿ ಉಳಿದಿರೋದೇ ಅಷ್ಟು. ಎಲ್ಲಾ ಅಲ್ಲಿಗೇ ಹೋದ್ರೆ ಇವರಿಗೆ? ಇದು ನ್ಯಾಯಾನಾ?"

"ಇವರಿಗೆ ಮೊನ್ನೆ ಬಂದಿದೆ. ಅವರಿಗೆ ಮೂರು ವರ್ಷದಿಂದ ಬಂದಿಲ್ಲ. ಈಗ ಹೇಳಿ ಸರ್, ಯಾವುದು ಸಮ?"

ಉತ್ತರ ಕೊಡಲು ಬಾಯಿ ತೆರೆದರು. ಮತ್ತೆ ಬಳೆ. ಮತ್ತೆ ಬಾಯಿ ಮುಚ್ಚಿದರು. ನಗಬಾರದಿತ್ತು, ನಕ್ಕೆ. ಪ್ರಭಾವ ಬೀರುವವರ ಬಾಯಿ ಕಟ್ಟಲು ಮಾಡಿದ ಕಾನೂನು ನನ್ನ ಕಾವಲು ಕಾಯುತ್ತಿತ್ತು. ನಿಮಿಷಕ್ಕೆ ನಲವತ್ತೆಂಟು ಸೆಕೆಂಡು ಅವರು ಕೂಗುತ್ತಿದ್ದರು, ಹನ್ನೆರಡು ಸೆಕೆಂಡು ಕೋಣೆ ಗುಡಿಯಂತೆ ಮೌನವಾಗುತ್ತಿತ್ತು.

ಏಳನೆಯ ತಪ್ಪಿನ ಹೊತ್ತಿಗೆ ಮುಳ್ಳಿನ ನಡುಕ ನಿಂತಿತು. ಒಮ್ಮೆ ಬಿಕ್ಕಿತು, ಕೆಳಗೆ ಬಿತ್ತು, ಆಮೇಲೆ ನಿಧಾನಕ್ಕೆ ಮೇಲೆದ್ದು ನೆಟ್ಟಗೆ ನಿಂತಿತು. "ನೋಡಿ ಸರ್," ಎಂದೆ. "ಇದು ನೀರು. ಇಷ್ಟು ದಿನ ನಾವು ಹಸಿರು ಬಣ್ಣ ಬಳಿದದ್ದು ಆ ನಡುಕಕ್ಕೆ."

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಎಂಜಿನಿಯರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಹದಿನೈದು ದಾಟಿದ ಮೇಲೆ ದನಿ ಇಳಿಸಿ ಬೇಡಿಕೊಂಡರು. "ಅಂಬುಜಮ್ಮ, ಬಂತಲ್ಲ ನೀರು? ಸಾಕು, ಒತ್ತಿಬಿಡಿ. ಮಗಳಿದಾಳೆ ನಿಮಗೆ."

"ಕೊನೇ ಮನೇಲಿ ಒತ್ತಡ ಕಮ್ಮಿ ಸರ್. ಸಣ್ಣಗೆ ಬರ್ತಿರ್ತದೆ. ಕೊಡ ತುಂಬಬೇಕು."

"ಹತ್ತೊಂಬತ್ತು ಆಯ್ತು. ಇನ್ನೊಂದೇ. ಒತ್ತಮ್ಮ."

ಬಳೆ ಹೊತ್ತಿತು. ಆ ಹನ್ನೆರಡು ಸೆಕೆಂಡಿನಲ್ಲಿ ನನಗೆ ಧೈರ್ಯವೇನೂ ಬರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಇಂಚರಳ ಶಾಲೆ, ಮನೆ ಬಾಡಿಗೆ, ಅವಳ ಹಲ್ಲಿಗೆ ಹಾಕಿಸಿದ ತಂತಿ, ಎಲ್ಲ ಒಟ್ಟಿಗೆ ಬಂದು ಕೂತವು. ಹಸಿರು ಗುಂಡಿ ನನ್ನ ಮೂಗಿನ ಕೆಳಗೇ ಇತ್ತು. ತರಬೇತಿಯವರು ಹೇಳಿದ್ದು ನಿಜ, ಹೊತ್ತು ಸಿಕ್ಕರೆ ಕಾರಣಗಳು ಹೊಳೆಯುತ್ತವೆ. ಅವುಗಳ ಜೊತೆಗೇ ಆ ಮನೆಯ ವಾಸನೆಯೂ ಬಂತು. ಅದಕ್ಕೆ ಎದುರಾಗಿ ನಿಲ್ಲುವ ಕಾರಣ ಒಂದೂ ಇರಲಿಲ್ಲ.

ಬಳೆ ಆರಿತು. ಇಪ್ಪತ್ತು. ಪರದೆಯ ಮೇಲಿನ ನನ್ನ ಹೆಸರು ಕೆಂಪಗಾಯಿತು. 'ಈ ಪಾಳಿಯ ನಂತರ ಕೆಲಸಕ್ಕೆ ಬರತಕ್ಕದ್ದಲ್ಲ.'

ಫಣೀಂದ್ರ ಸರ್ ಗೋಡೆಯ ಪಕ್ಕದ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. ಕೂಗಲು ನಲವತ್ತೆಂಟು ಸೆಕೆಂಡಿದ್ದರೂ ಕೂಗಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು. ನಾವಿಬ್ಬರೂ ಮುಳ್ಳನ್ನು ನೋಡುತ್ತ ಕೂತೆವು.

"ಮುಗೀತು ಅಂತ ನಿಮಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದರು.

"ಕಂಬಳಿ ಬೀಸ್ತಾರೆ."

"ಏನು?"

ಕಂಬಳಿಯ ವಿಷಯ ಹೇಳಿದೆ. ನಡುವೆ ಎರಡು ಸಲ ಬಳೆ ಹೊತ್ತಿತು, ಎರಡು ಸಲ ಸುಮ್ಮನಾದೆ, ಮುಂದುವರಿಸಿದೆ. ಕೇಳಿದ ಮೇಲೆ ಅವರು ಮುರಿದ ಕೈಯನ್ನು ಇನ್ನೊಂದು ಕೈಯಿಂದ ನೀವಿಕೊಂಡು, "ಇದನ್ನ ತರಬೇತೀಲಿ ಯಾರೂ ಹೇಳ್ಲೇ ಇಲ್ಲ," ಎಂದರು.

ಇಪ್ಪತ್ತೇಳನೆಯ ತಪ್ಪು ಬಿದ್ದು ಅರ್ಧ ನಿಮಿಷವಾಗಿತ್ತು. ಮುಳ್ಳು ಪಟ್ಟನೆ ಸೊನ್ನೆಗೆ ಬಿತ್ತು. ಎದ್ದಿತು. ಬಿತ್ತು. ಎದ್ದಿತು. ಮೂರನೆಯ ಸಲ ಬಿದ್ದು, ಎದ್ದು, ನಿಂತಿತು.

"ಬೀಸಿದ್ರು," ಎಂದರು ಫಣೀಂದ್ರ ಸರ್. ನನಗಿಂತ ಮೊದಲು ಹೇಳಿದ್ದು ಅವರೇ.

ಬಳೆ ಹೊತ್ತಿತು. ಎರಡನೆಯ ಸೆಕೆಂಡಿಗೇ ಹಸಿರು ಒತ್ತಿದೆ.

ಟ್ಯಾಂಕಿನಲ್ಲಿ ಉಳಿದದ್ದು ಗಿರಣಿ ರಸ್ತೆಗೆ ನಾಲ್ಕು ನಿಮಿಷ ಬಂತು. ಕೆಳಮನೆಗಳವರಿಗೆ ಎರಡೆರಡು ಕೊಡ ಸಿಕ್ಕಿತು, ಮಹಡಿಯ ಮೇಲಿನ ನಮ್ಮ ನಲ್ಲಿಗೆ ಏರಲಿಲ್ಲ. ಪಾಳಿ ಮುಗಿಸಿ, ಗೋಡೆಯಲ್ಲಿದ್ದ ನನ್ನ ಹೆಸರಿನ ಹಲಗೆಯನ್ನು ನಾನೇ ಕಿತ್ತು ಫಣೀಂದ್ರ ಸರ್ ಕೈಗೆ ಕೊಟ್ಟೆ. ಆ ದಿನದ ಮುಳ್ಳಿನ ದಾಖಲೆಯನ್ನು ಸಮಿತಿಗೆ ತಾವೇ ಒಯ್ಯುವುದಾಗಿ ಅವರು ಹೇಳಿದರು. ಒಯ್ದರೋ ಇಲ್ಲವೋ ಇನ್ನೂ ತಿಳಿದಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಖಾಲಿ ಕೊಡಗಳು ಸಾಲಾಗಿ ನಿಂತಿದ್ದವು. ಪಕ್ಕದ ಮನೆಯ ಪುಷ್ಪಾವತಿ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದಳು. "ಬಂದ್ಳು ನೋಡಿ ಮಹಾತಾಯಿ! ನಮ್ಮ ನೀರನ್ನ ತಗೊಂಡೋಗಿ ಅವರಿಗೆ ಬಿಟ್ಟಿದಾಳಂತೆ. ಯಾರಪ್ಪನ ನೀರು ಅಂತ ಬಿಟ್ಟೆ?"

"ಅವರ ಕೆರೆ ಪುಷ್ಪಕ್ಕ," ಎಂದೆ. "ನಾವು ಕುಡೀತಿರೋದು ಅವರ ಕೆರೆ."

ಅವಳು ಇನ್ನೂ ನಾಲ್ಕು ಮಾತು ಅಂದಳು. ನಾನು ನಿಂತು ಕೇಳಿಸಿಕೊಂಡೆ, ಕ್ಷಮೆ ಕೇಳಲಿಲ್ಲ.

ಮೆಟ್ಟಿಲು ಹತ್ತಿದರೆ ಇಂಚರ ಶಾಲೆಯಿಂದ ಬಂದು ಹಂಡೆಯೊಳಗೆ ತಲೆ ತೂರಿಸಿ ಕೂಗುತ್ತಿದ್ದಳು. ಖಾಲಿ ತಾಮ್ರ ಅವಳ ದನಿಯನ್ನು ದೊಡ್ಡದು ಮಾಡಿ ತಿರುಗಿ ಕೊಡುತ್ತಿತ್ತು. ನನ್ನ ಫೋನಿಗೆ ಚೌಡಕ್ಕ ಒಂದು ಚಿತ್ರ ಕಳಿಸಿದ್ದಳು. ಬಚ್ಚಲೊಲೆಯಲ್ಲಿ ಬೆಂಕಿ, ಹಂಡೆಯಿಂದೇಳುವ ಹಬೆ, ಹಬೆಯ ಆಚೆ ಶೈಲಾಳ ಒದ್ದೆ ಕೂದಲು.

ಆ ಮಂಗಳವಾರ ಕಡೆಪಾಳ್ಯದ ಕೊನೆಯ ಮನೆಯ ಕೊಡ ತುಂಬಿತು. ನಮ್ಮ ಮನೆಯ ಹಂಡೆ ತುಂಬಲಿಲ್ಲ. ಮೂರು ವರ್ಷ ಮುರಿದಿದ್ದ ಅಪ್ಪನ ಮಾತು ಒಂದು ದಿನ ಉಳಿಯಿತು.